ಕೌದಿ ಕಟ್ಟಿದ ಕೋಣೆ

ಈಗ ನಾನು ಯಾವ ಕೋಣೆಗೆ ಹೋದರೂ ಮೊದಲು ಬಾಗಿಲಿನ ಹೊರಮೈ ನೋಡುತ್ತೇನೆ. ಹೊರಗೆ ಚಿಲಕವಿದೆಯೇ, ಕಿಟಕಿಗೆ ಸರಳುಗಳಿವೆಯೇ, ಕುಳಿತಲ್ಲಿಂದ ಹೊಸ್ತಿಲು ಎಷ್ಟು ದೂರ ಎಂದು ಕಣ್ಣು ತಾನಾಗಿ ಅಳೆಯುತ್ತದೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತೇನೆ. ಮನೆಯಲ್ಲಿ ಒಗ್ಗರಣೆ ಸ್ವಲ್ಪ ಕರಕಾದರೂ ಎದ್ದು ಅಂಗಳಕ್ಕೆ ಬರುತ್ತೇನೆ. ಅವ್ವ ಬಾಣಲೆ ಕೆಳಗಿಟ್ಟು ಹಿತ್ತಲ ಬಾಗಿಲು ತೆರೆಯುತ್ತಾಳೆ.

ಆ ಮಧ್ಯಾಹ್ನ ಬೆಂಕಿ ಹೊತ್ತಿದ ಕೋಣೆಯಲ್ಲಿ ನಾವಿಬ್ಬರು ಇದ್ದೆವು. ನಾನು ಉಳಿದೆ. ಅವರು ಉಳಿಯಲಿಲ್ಲ.

ಬರೆಯಬೇಕೆಂದು ಕುಳಿತದ್ದು ಅವರ ಬಗ್ಗೆ. ಆದರೆ ಅವರನ್ನು ನೆನೆಯಲು ಹೊರಟರೆ ಮನಸ್ಸು ನೇರ ಆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದು ವಾಡಿಕೆ. ಕಾಲೇಜಿನಲ್ಲಿ ಅಂಥ ಅಕ್ಕೋರು ಹಲವರಿದ್ದರೂ ಬರಿಯ ‘ಅಕ್ಕೋರು’ ಎಂದರೆ ಎಲ್ಲರಿಗೂ ಇವರೇ. ಊರು ಇಳಕಲ್ಲು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಸಸ್ಯಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿ. ಜೊತೆಗೆ ಪಿಎಚ್.ಡಿ. ಬಾದಾಮಿಯ ಕೆಂಪು ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವು ಅವರ ವಿಷಯ.

ಕುಳ್ಳಗಿನ ಆಳು, ಬಿರುಸಿನ ನಡಿಗೆ. ಎರಡೂ ಹೆಗಲಿಗೆ ಒಂದೊಂದು ಚೀಲ. ಒಂದರಲ್ಲಿ ಥೀಸಿಸ್ಸಿನ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಪಾಠದ ಸಾಮಾನು: ರಬ್ಬರು, ಬಲೂನು, ಹುರಿ, ಎಂಟನೆಯ ತರಗತಿಯ ವಿಜ್ಞಾನ ಪುಸ್ತಕ. ಪಾಠದ ಚೀಲ ಹಗುರವಾದ ದಿನ ಅದಕ್ಕೊಂದು ತುಂಬಿದ ನೀರಿನ ಬಾಟಲಿ ಇಳಿಬಿಡುತ್ತಿದ್ದರು. ನೀರು ಕುಡಿಯಲಿಕ್ಕಲ್ಲ. “ಎರಡೂ ಕಡಿ ಸಮ ಇರಬೇಕವಾ. ಇಲ್ಲಂದ್ರ ಕುತಿಗಿ ಹಿಡೀತೈತಿ” ಅನ್ನುತ್ತಿದ್ದರು. ಬಾಯಾರಿ ನಾನೊಮ್ಮೆ ಅದಕ್ಕೆ ಕೈ ಹಾಕಿದಾಗ “ಅರ್ಧಾ ಕುಡದ್ರ ವಾಲ್ತೇನಿ ನೋಡು” ಎಂದು ಕೈ ತಟ್ಟಿದ್ದರು.

ನಾನಾಗ ಎಂ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿನಿ. ಕಾಲೇಜಿನ ಕೆಲವರು ಸೇರಿ ಸುತ್ತಲಿನ ಸರಕಾರಿ ಸಾಲೆಗಳ ಮಕ್ಕಳಿಗಾಗಿ ಫೋನಿನಲ್ಲಿ ನೋಡುವ ಚಿಕ್ಕ ಚಿಕ್ಕ ಪಾಠಗಳನ್ನು ತಯಾರಿಸಬೇಕೆಂದು ಹೊಸದಾಗಿ ಕೆಲಸ ಶುರು ಮಾಡಿದ್ದರು. ಸಂಬಳವಿಲ್ಲ, ರಜೆಯಿಲ್ಲ. ಮೊದಲ ಸಭೆಗೆ ಬಂದವರಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಬರಲಿಲ್ಲ. ಅಕ್ಕೋರು ಒಂದು ದಿನ ಗ್ರಂಥಾಲಯದಲ್ಲಿ ನನ್ನೆದುರು ಬಂದು ಕುಳಿತರು.

“ನಿನ್ನ ಫೋನಿನ ಕ್ಯಾಮೆರಾ ಭಾಳ ಚಲೋ ಐತಂತ, ಖರೇನ?”

“ಹೌದ್ರಿ.”

“ಮತ್ತ ನೀ? ನೀ ಚಲೋ ಇದ್ದೀಯೇನು?”

ನಾನು ನಕ್ಕೆ. “ಸಾಕು, ನಕ್ಕಿ ಅಂದ್ರ ಬಂದಿ” ಎಂದು ಎದ್ದು ಹೋದರು. ಅಂದಿನಿಂದ ನಾನು ಅವರ ಕ್ಯಾಮೆರಾ, ದೀಪ, ಸಂಪಾದಕಿ, ಎದುರಿಗಿರುವ ಒಬ್ಬಳೇ ವಿದ್ಯಾರ್ಥಿನಿ.

ಪಾಠಗಳನ್ನು ಅವರು ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತಿದ್ದರು. ಮೊದಲ ಪಾಠ ನೋಡಿದ ಹಿರಿಯ ಪ್ರಾಧ್ಯಾಪಕರೊಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದರು: “ಅಲ್ರಿ ಅಕ್ಕೋರ, ಇದು ಪಾಠನೋ, ಸಂತಿ ಮಾತೋ?”

“ಸಂತಿ ಮಾತ ಅನ್ರಿ ಸರ್. ಸಂತ್ಯಾಗ ಯಾರೂ ತಿಳೀಲಾರದ್ದು ಮಾತಾಡೂದಿಲ್ರಿ. ವ್ಯಾಪಾರ ಆಗಬೇಕಲ್ಲ?”

ಆ ಪ್ರಾಧ್ಯಾಪಕರೇ ಮುಂದೆ ಅವರ ಹೆಣಕ್ಕೆ ಹೆಗಲು ಕೊಟ್ಟರು.

ಆರಂಭದ ಪಾಠಗಳನ್ನು ಅಕ್ಕೋರ ಬಾಡಿಗೆ ಕೋಣೆಯಲ್ಲೇ ಚಿತ್ರಿಸಿದ್ದೆವು. ಅವು ಮಕ್ಕಳಿಗೆ ಹೇಗೆ ತಲುಪುತ್ತಿವೆ ಎಂದು ನೋಡಲು ಒಂದು ಭಾನುವಾರ ಹುನಗುಂದ ದಾಟಿ ರಾಮಥಾಳಕ್ಕೆ ಹೋದೆವು. ಕುರಿ ಸಾಕುವ ಒಂದು ಮನೆ. ಗೋಡೆಗೆ ಬೀರಪ್ಪನ ಪಟ, ಅದರ ಕೆಳಗೆ ಜೋಳದ ಚೀಲಕ್ಕೆ ಒರಗಿಸಿಟ್ಟ ಒಂದೇ ಫೋನು, ಅದರ ಮುಂದೆ ಓಣಿಯ ಮಕ್ಕಳೆಲ್ಲ. ಫೋನು ಆ ಮನೆಯ ತಾಯಿಯದು. ಆಕೆ ಕುರಿ ಹೊಡೆದುಕೊಂಡು ಹೋದರೆ ಫೋನೂ ಹೋಗುತ್ತದೆ. ಸಂಜೆ ಬಂದು ರೊಟ್ಟಿ ಬಡಿಯುವಷ್ಟು ಹೊತ್ತು ಮಾತ್ರ ಮಗಳಿಗೆ ಪಾಠ.

ಮಗಳು ಅಕ್ಕೋರನ್ನು ಕೆಳಗಿನಿಂದ ಮೇಲೆ ನೋಡಿ, “ಫೋನಿನ್ಯಾಗ ನೀವು ಎತ್ತರ ಇದ್ರಲ್ಲರಿ!” ಅಂದಳು. ಅಕ್ಕೋರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಆ ತಾಯಿ ಸಂಕೋಚದಿಂದ ಒಂದು ಮಾತು ಹೇಳಿದಳು:

“ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ. ಮೊನ್ನೆ ನಿಮ್ಮ ಪಾಠದಾಗ ಕುಕ್ಕರ್ ಸೀಟಿ ಹೊಡೀತ್ರಿ. ನಾ ನಮ್ಮನೀದ ಅಂತ ಒಲಿ ಕಡೆ ಓಡಿದೆ. ಈಕಿನೂ ನನ್ನ ಹಿಂದ ಎದ್ದು ಬಂದ್ಲು. ಅಷ್ಟರಾಗ ಪಾಠ ಮುಗದಿತ್ತು.”

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಅಕ್ಕೋರು ನಗಲಿಲ್ಲ. ಬರುವಾಗ ಬಸ್ಸಿನಲ್ಲಿ ಹೇಳಿದರು: “ಆ ಹುಡಿಗಿಗೆ ಫೋನು ಸಿಗೂದ ರೊಟ್ಟಿ ಬಡಿಯೂತನ. ಅದರಾಗ ನಮ್ಮ ಓಣಿ ಸೀಟಿ, ನಮ್ಮ ಓಣಿ ನಾಯಿ, ನಮ್ಮ ಓಣಿ ಹಾರ್ನು ಆಕಿ ಯಾಕ ಕೇಳಬೇಕು?”

ಕೌದಿ ಕಟ್ಟಿದ ಕೋಣೆ ಹುಟ್ಟಿದ್ದು ಆ ಮಾತಿನಿಂದ.

ಕಾಲೇಜಿನ ಹಿಂಬದಿಯಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ್ದ ಒಂದು ಕೋಣೆ ಇತ್ತು. ಅದನ್ನು ಕೇಳಿ ಪಡೆದರು. ಖಾಲಿ ಮಾಡಿಸಿದರೆ ಆಡಿದ ಮಾತು ನಾಲ್ಕೂ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಪೇಟೆಯಲ್ಲಿ ಸಿಗುವ ಸದ್ದು ಹೀರುವ ಹಾಳೆಗಳು ನಮ್ಮ ಕೈಗೆ ಎಟುಕುವಂಥವಲ್ಲ. ಮುಂದಿನ ವಾರ ಅಕ್ಕೋರು ಇಳಕಲ್ಲಿನಿಂದ ಬಸ್ಸಿನ ಮೇಲೆ ದೊಡ್ಡದೊಂದು ಗಂಟು ಹೇರಿಸಿಕೊಂಡು ಬಂದರು. ಬಿಚ್ಚಿದರೆ ಅವರ ತಾಯಿ ಹೊಲಿದ ಕೌದಿಗಳು. ಹಳೆಯ ಸೀರೆ, ಧೋತರ, ಅಂಗಿಗಳನ್ನೆಲ್ಲ ಪದರ ಪದರ ಜೋಡಿಸಿ ಹೊಲಿದ ದಪ್ಪನೆಯ ಹಾಸು. ಗೋಡೆಗೆ ಮೊಳೆ ಹೊಡೆದು ನೆಲದಿಂದ ಎತ್ತರದವರೆಗೆ ಅವನ್ನು ಇಳಿಬಿಟ್ಟೆವು. ಕಿಟಕಿಗೆ ಗೋಣಿ ತುಂಬಿ ಅದರ ಮೇಲೂ ಕೌದಿ. ಬಾಗಿಲ ಕೆಳಗಿನ ಸಂದಿಗೂ ಮೇಲಿನ ಕಂಡಿಗೂ ಚಿಂದಿ ತುರುಕಿದೆವು. ಅಕ್ಕೋರು ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಸದ್ದು ಅಲ್ಲೇ ಸತ್ತುಹೋಯಿತು. ಅವರ ಮುಖ ನೋಡಬೇಕಿತ್ತು.

ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಪಾಠಗಳಲ್ಲಿ ಒಂದು ಕರಕರ ಸದ್ದು ಕೇಳತೊಡಗಿತು. ಫೋನು ಬದಲಿಸಿದೆವು, ಮೈಕು ಬದಲಿಸಿದೆವು. ಅಕ್ಕೋರು ತಮ್ಮ ಬಳೆ ಬಿಚ್ಚಿಟ್ಟರು. ಸದ್ದು ಹೋಗಲಿಲ್ಲ. ಕಡೆಗೊಂದು ದಿನ ಒಂದು ಕೌದಿಯ ನಡುಮಧ್ಯ ತೂತು ಕಂಡಿತು. ಅಕ್ಕೋರು ಹಣೆ ಚಚ್ಚಿಕೊಂಡರು.

“ಅಯ್ಯ ನಮ್ಮವ್ವ! ಕೌದಿ ಹೊಟ್ಟಿ ತುಂಬ್ಸಿರತಾಳ!”

ಅವರ ಮನೆಯಲ್ಲಿ ಕೌದಿ ಹೊಲಿದು ಮುಗಿಸುವಾಗ ಕೊನೆಯ ಪದರ ಮುಚ್ಚುವ ಮೊದಲು ನಡುವೆ ಒಂದು ಚೂರು ಒಣರೊಟ್ಟಿ ಇಡುತ್ತಾರೆ. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಹಸಿವು ಹೋಗುವುದಿಲ್ಲ ಎಂದು ನಂಬಿಕೆ. ಆ ರೊಟ್ಟಿಗೆ ಇಲಿ ಬಂದಿತ್ತು. ಅಕ್ಕೋರು ಅಲ್ಲಿಂದಲೇ ತಾಯಿಗೆ ಫೋನು ಹಚ್ಚಿದರು.

“ಯವ್ವಾ, ನಿನ್ನ ರೊಟ್ಟಿ ಎಂಟನೇತ್ತಾ ವಿಜ್ಞಾನ ಕೆಡಿಸಾಕತ್ತೈತಿ!”

ಆ ಕಡೆಯಿಂದ ತಾಯಿ: “ನಿನ್ನ ವಿಜ್ಞಾನಕ್ಕ ಹೊಟ್ಟಿ ಇಲ್ಲೇನು? ಇಲಿಗೆ ಐತಿ. ತಿನ್ಲಿ ಬಿಡು.”

ಅಕ್ಕೋರು ಬೋನಿಟ್ಟು ಇಲಿಯನ್ನು ಹಿಡಿದು ಮೈದಾನದಾಚೆ ಬಿಟ್ಟು ಬಂದರು.

ಅವರ ಪಾಠದ ರೀತಿಯಲ್ಲಿ ಒಂದು ವಿಶೇಷವಿತ್ತು. ಮಾತು ತಪ್ಪಿದರೆ ಅವರು ‘ಅಯ್ಯೋ’ ಎನ್ನುತ್ತಿರಲಿಲ್ಲ, ನಿಲ್ಲಿಸಲು ಹೇಳುತ್ತಿರಲಿಲ್ಲ. ಬಲಗೈಯ ಅಂಗೈ ಎತ್ತಿ ಕ್ಯಾಮೆರಾಕ್ಕೆ ತೋರಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಅದೇ ವಾಕ್ಯವನ್ನು ಮೊದಲಿನಿಂದ ಹೇಳುತ್ತಿದ್ದರು. ಕತ್ತರಿಸುವಾಗ ನನಗೆ ಸುಲಭವಾಗಲೆಂದು. ಎಷ್ಟು ಸಿಟ್ಟು ಬಂದಿದ್ದರೂ ಆ ಅಂಗೈ ಇಳಿದಾಗ ಅವರ ದನಿ ಹೊಸದಾಗಿರುತ್ತಿತ್ತು.

ಥೀಸಿಸ್ಸಿನ ಕೆಲಸಕ್ಕೆಂದು ಬಾದಾಮಿಗೆ ಹೋಗುವಾಗಲೂ ನನ್ನನ್ನು ಕರೆದೊಯ್ಯುತ್ತಿದ್ದರು. ದಾರಿಯ ಒಂದು ಕ್ರಾಸಿನಲ್ಲಿ ಇಳಿದು ಬಸ್ಸು ಬದಲಿಸುವ ನಡುವೆ ಮಿರ್ಚಿ, ಚಹಾ. ಅಲ್ಲಿನ ಬೆಂಚಿನ ಮೇಲೆ ಒಂದು ತೊಡೆಯ ಮೇಲೆ ಲ್ಯಾಪ್‌ಟಾಪು, ಇನ್ನೊಂದರ ಮೇಲೆ ಮರುದಿನದ ಪಾಠ. ಒಮ್ಮೆ ಬಂಡೆಯ ಮೇಲಿನ ಬೂದುಬಣ್ಣದ ಚಕ್ಕೆಯ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವಷ್ಟರಲ್ಲಿ ಮಂಗ ಬಂದು ಪಟ್ಟಿ ಕಿತ್ತುಕೊಂಡು ಹೋಯಿತು. ಅಕ್ಕೋರು ಕೆಳಗೆ ನಿಂತು, “ಲೇ, ಅದು ತಿನ್ನೂದಲ್ಲಲೇ! ಕೊಡ, ನಿನ್ನ ಬಾಲ ಅಳದು ಕೊಡ್ತೇನಿ!” ಎಂದು ಚೌಕಾಸಿಗಿಳಿದರು. ಮಂಗ ಪಟ್ಟಿಯ ತುದಿ ಕಚ್ಚಿ ನೋಡಿ ಬಿಸಾಕಿತು. ಆ ಹಲ್ಲಿನ ಗುರುತಿದ್ದ ಪಟ್ಟಿಯನ್ನೇ ಕಡೆಯವರೆಗೂ ಬಳಸಿದರು.

ಕಲ್ಲುಹೂವು ನಾವು ಮಸಾಲೆಗೆ ಹಾಕುವ ಪದಾರ್ಥ ಎಂದಷ್ಟೇ ನನಗೆ ಗೊತ್ತಿತ್ತು. ಅವರು ಹೇಳಿದರು: “ಇದು ಒಂದು ಜೀವ ಅಲ್ಲವಾ, ಎರಡು. ಒಂದು ಗೋಡಿ ಕಟ್ಟತೈತಿ, ಒಂದು ಅಡಗಿ ಮಾಡ್ತೈತಿ. ಬ್ಯಾರೆ ಮಾಡಿದಿ ಅಂದ್ರ ಈ ಬಿಸಲಾಗ ಎರಡೂ ಉಳಿಯೂದಿಲ್ಲ.”

“ನಿಮ್ಮ ಥೀಸಿಸ್ಸು, ಪಾಠ ಇದ್ದಂಗ” ಎಂದೆ.

“ನಮ್ಮ ಗೈಡ್ ಸಾಹೇಬ್ರಿಗೆ ಇದನ್ನ ಹೇಳು, ಒಂದ ಅಕ್ಷರ ಬಿಡಲಾರದಂಗ.”

ಗೈಡ್ ಕೆಟ್ಟವರಲ್ಲ. ಆದರೆ ದಿನ ಕಳೆಯುತ್ತಿದ್ದವು. ಅಕ್ಕೋರಿಗೆ ಕೊಟ್ಟ ಅವಧಿ ಎಂದೋ ಮುಗಿದು, ಕೇಳಿ ಪಡೆದ ಹೆಚ್ಚಿನ ಅವಧಿಯೂ ಆ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಥೀಸಿಸ್ ಕೊಡದಿದ್ದರೆ ಅಷ್ಟೂ ವರ್ಷದ ಕೆಲಸ ನೀರಿಗೆ. ಡಾಕ್ಟರೇಟ್ ಇದ್ದವರು ಬಂದರೆ ಅತಿಥಿ ಉಪನ್ಯಾಸಕಿಯ ಕುರ್ಚಿಯೂ ಹೋಗುತ್ತದೆ. ಅದೇ ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ. ಒಂದು ದಿನ ಗೈಡ್ ನನ್ನೆದುರೇ ಕೇಳಿದರು: “ಏನವಾ, ಪಾಠ ಹೇಳಿದ್ರ ನಿನ್ನ ಹುಡುಗೂರು ನಿನಗ ಡಾಕ್ಟರೇಟ್ ಕೊಡ್ತಾರೇನು?”

ಅಕ್ಕೋರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹೊರಗೆ ಬಂದು ನನಗೆ ಹೇಳಿದರು: “ಅವರು ಹೇಳೂದ್ರಾಗ ತಪ್ಪಿಲ್ಲ. ಎಂಟನೇತ್ತಾ ಒಂದ ಪಾಠ ಉಳದೈತಿ, ಶಬ್ದದ್ದು. ಅದನ್ನ ಮುಗಿಸಿಬಿಡೂಣು. ಆಮ್ಯಾಲ ನಂದು ಬರೇ ಕಲ್ಲುಹೂವಿನ ಕೂಡ ಸಂಸಾರ.”

ಚಿಲಕದ ವಿಷಯ ಹೇಳಬೇಕು.

ಕೋಣೆ ಎಷ್ಟೇ ಸದ್ದಿಲ್ಲದ್ದಾದರೂ ಬಾಗಿಲು ತೆರೆದು ಬರುವವರನ್ನು ತಡೆಯಲಾಗಲಿಲ್ಲ. ಒಳಚಿಲಕ ಹಾಕಿದರೆ ತಟ್ಟುತ್ತಿದ್ದರು. “ಅಕ್ಕೋರ, ಚಾ ಬಂದೈತ್ರಿ.” “ಅಕ್ಕೋರ, ನನ್ನ ಇಂಟರ್ನಲ್ ಮಾರ್ಕ್ಸು.” ಒಳ್ಳೆಯ ಪಾಠಗಳು ಹೀಗೆ ಕೆಟ್ಟಮೇಲೆ ಅಕ್ಕೋರಿಗೆ ಒಂದು ಉಪಾಯ ಹೊಳೆಯಿತು. ನಾವು ಒಳಗಿದ್ದಾಗ ಕಾಲೇಜಿನ ಜವಾನ ಸಿಪಾಯಿ ಕಾಕಾ ಹೊರಗಿನ ಚಿಲಕ ಹಾಕಿ, ಅದಕ್ಕೆ ಒಂದು ಬೀಗವನ್ನು ಕೀಲಿ ತಿರುಗಿಸದೆ ಬರಿದೆ ತೂಗುಬಿಡಬೇಕು. ಬೀಗ ಕಂಡವರು ಒಳಗೆ ಯಾರೂ ಇಲ್ಲವೆಂದು ಹೋಗುತ್ತಾರೆ. ಕಾಕಾ ಹೊರಗೆ ಸ್ಟೂಲಿನ ಮೇಲೆ ಕುಳಿತಿರುತ್ತಾರೆ. ಮುಗಿದಾಗ ನಾವು ಬಾಗಿಲು ಬಡಿದರೆ ತೆಗೆಯುತ್ತಾರೆ. ಉಪಾಯ ಚೆನ್ನಾಗಿ ನಡೆಯಿತು. ನಮಗೆಲ್ಲ ಅದೊಂದು ಆಟದಂತೆ ಖುಷಿ ಕೊಟ್ಟಿತ್ತು.

ಕಾಕಾ ನಿವೃತ್ತಿಯ ಅಂಚಿನಲ್ಲಿದ್ದವರು. ಅಕ್ಕೋರು ಒಳಗೆ ಹೋಗುವ ಮುನ್ನ ತಮ್ಮ ಫೋನನ್ನು, ಅದು ರಿಂಗಣಿಸಬಾರದೆಂದು, ಅವರ ಕೈಗೆ ಕೊಡುತ್ತಿದ್ದರು. ಥೀಸಿಸ್ಸಿನ ಚೀಲವನ್ನೂ ಕೊಡುತ್ತಿದ್ದರು. “ಇದನ್ನ ಎಲ್ಲೂ ಇಡಬ್ಯಾಡ್ರಿ ಕಾಕಾ. ನನ್ನ ಜೀವ ಐತಿ ಇದರಾಗ.” ಆಮೇಲೆ ಒಳಗಿನಿಂದ ಕೂಗುತ್ತಿದ್ದರು: “ಬಾಗಲಾ ಹಾಕೀರೇನು?” ಹೊರಗಿನಿಂದ ದಪ್ಪ ದನಿ: “ಹಾಕೇನ್ರಿ ಅಕ್ಕೋರ. ಹೇಳ್ರಿ ಇನ್ನ.” ಪ್ರತಿ ಪಾಠದ ಮೊದಲಲ್ಲೂ ಈ ಎರಡು ಮಾತು ಇರುತ್ತಿದ್ದವು. ಕತ್ತರಿಸುವುದು ನನ್ನ ಕೆಲಸವಾಗಿತ್ತು.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಆ ಮಧ್ಯಾಹ್ನ ಶಬ್ದದ ಪಾಠ. ಅಕ್ಕೋರು ಮನೆಯಿಂದ ಕಂಚಿನ ಗಂಗಾಳ ತಂದಿದ್ದರು, ಅವರ ತಾಯಿ ಊಟಕ್ಕೆ ಬಳಸುವ ಅಗಲ ತಟ್ಟೆ. ಫ್ಯಾನು ಬಂದ್. ಮದುವೆ ವಿಡಿಯೊ ತೆಗೆಯುವವರೊಬ್ಬರು ಬಿಟ್ಟುಕೊಟ್ಟಿದ್ದ ಹಳೆಯ ಹ್ಯಾಲೊಜನ್ ದೀಪ ಉರಿಯುತ್ತಿತ್ತು. ಅಕ್ಕೋರು ಗಂಗಾಳವನ್ನು ಹುರಿಯಿಂದ ಎತ್ತಿ ಹಿಡಿದು ಚಮಚದಿಂದ ಬಡಿದರು. ಆ ಸತ್ತ ಕೋಣೆಯಲ್ಲೂ ಅದು ಗಂಯ್ ಎಂದಿತು.

“ಬಡಿಯೂದು ಮುಗದ ಮ್ಯಾಲೂ ಇದು ನಡಗತಿರತೈತಿ, ನೋಡ್ರಿ. ನಡುಗೂದಂದ್ರನ ಸಪ್ಪಳ. ಈಗ ನಾ ಕೈ ಇಡ್ತೇನಿ—”

ಕರೆಂಟು ಹೋಯಿತು.

ಕಿಟಕಿ ಮುಚ್ಚಿದ್ದರಿಂದ ಕಣ್ಣಿಗೆ ಏನೂ ಕಾಣಲಿಲ್ಲ. ಕತ್ತಲಲ್ಲಿ ಅಕ್ಕೋರು ಪುಸ್ತಕದಿಂದ ನನಗೆ ಗಾಳಿ ಹಾಕುತ್ತ, “ಬೆಂದ ಬದನೀಕಾಯಿ ಆದಿವಿ ಇಬ್ಬರೂ” ಅಂದರು. ಕರೆಂಟು ಬರುವವರೆಗೆ ಹೀಗೆ ಕುಳಿತೆವು. ಇದು ಮೊದಲ ಸಲವೇನೂ ಅಲ್ಲ. ಅದೇ ಹೊತ್ತಿಗೆ, ಆಮೇಲೆ ಗೊತ್ತಾದಂತೆ, ಪರೀಕ್ಷೆಗೆ ಬೆಂಚು ಸರಿಸಲು ಕಾಕಾನನ್ನು ಮುಂದಿನ ಕಟ್ಟಡಕ್ಕೆ ಕರೆದಿದ್ದರು. ನಾವು ಇಷ್ಟು ಬೇಗ ಬಾಗಿಲು ಬಡಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಚೀಲವನ್ನು ಎಲ್ಲೂ ಇಡಬೇಡಿ ಎಂದಿದ್ದರಲ್ಲ, ಅದನ್ನು ಹೆಗಲಿಗೆ ಹಾಕಿಕೊಂಡೇ ಹೋದರು.

ಕರೆಂಟು ಬಂತು. ಒಮ್ಮೆಲೇ ಜೋರಾಗಿ ಬಂತು. ದೀಪ ಕಣ್ಣು ಕೋರೈಸುವಷ್ಟು ಬೆಳಗಿ ಟಪ್ ಎಂದು ಒಡೆಯಿತು. ಕೆಂಪಗೆ ಕಾದ ಗಾಜಿನ ಚೂರುಗಳು ಪಕ್ಕದ ಕೌದಿಯ ಮೇಲೆ ಬಿದ್ದವು. ಅಕ್ಕೋರು ಬರಿಗೈಯಿಂದಲೇ ಬಡಿದು ಆರಿಸಿದರು. ಆರಿತು ಎಂದುಕೊಂಡೆವು. ಬೆಂಕಿ ಪದರದೊಳಗೆ ಹೊಕ್ಕಿತ್ತು. ಅದು ಒಳಗೊಳಗೇ ಮೇಲಕ್ಕೇರಿ ಕಿಟಕಿಯ ಗೋಣಿಯಲ್ಲಿ ಕಾಣಿಸಿಕೊಂಡಾಗಲೇ ನಮಗೆ ತಿಳಿದದ್ದು.

ಬಾಗಿಲು ಬಡಿದೆವು. “ಕಾಕಾ! ಕಾಕಾ!” ಉತ್ತರವಿಲ್ಲ. ನನ್ನ ಫೋನು ಸ್ಟ್ಯಾಂಡಿನ ಮೇಲಿತ್ತು. ಉರಿಯುವ ಕೌದಿ ಕಳಚಿ ಅದರ ಮೇಲೆಯೇ ಬಿತ್ತು. ಸರಳಿನ ಕಿಟಕಿಯ ಹತ್ತಿರ ಹೋಗುವಂತಿರಲಿಲ್ಲ. ಹೊಗೆ ಸೂರಿನಿಂದ ಕೆಳಗಿಳಿಯುತ್ತಿತ್ತು. ನಾನು ಕಿರುಚುತ್ತಿದ್ದೆ. ಆಗ ಅವರ ದನಿ ಕೇಳಿತು. ಅಂಗೈ ಇಳಿಸಿದಮೇಲೆ ಬರುತ್ತಿದ್ದ ಅದೇ ಹೊಸ ದನಿ.

“ಒದರಬ್ಯಾಡ. ಉಸರು ಉಳಸ್ಕೋ. ಕೆಳಗ ಮಕ್ಕೋ.”

ಬಾಗಿಲ ಪಕ್ಕದ ಕೌದಿಯನ್ನು ಕಿತ್ತೆಳೆದರು. ಚೀಲ ಸಮ ಮಾಡಲು ಇಟ್ಟುಕೊಂಡಿದ್ದ ಬಾಟಲಿಯ ನೀರನ್ನು ಅದರ ಮೇಲೆ ಸುರಿದು, ಒದ್ದೆಯಾದ ಕಡೆ ನನ್ನ ಮುಖಕ್ಕೆ ಬರುವಂತೆ ಹೊದಿಸಿದರು. ಬಾಗಿಲ ಸಂದಿಯ ಚಿಂದಿ ಎಳೆದು ಬಿಸಾಕಿದರು. “ಮೂಗು ಹೊಸ್ತಲಕ್ಕ ಹಚ್ಚು. ಅಲ್ಲಿ ಗಾಳಿ ಐತಿ.” ಇತ್ತು. ಬೆರಳಷ್ಟು ಅಗಲದ ಗಾಳಿ. ನಾನು ಅದನ್ನು ಕುಡಿಯುತ್ತ ಮಲಗಿದೆ.

“ನೀವೂ ಬರ್ರಿ.”

“ಬರ್ತೇನಿ.”

ಬರಲಿಲ್ಲ. ನಮ್ಮ ಕೂಗು ಹೊರಗೆ ಹೋಗುತ್ತಿಲ್ಲವೆಂದು ಅವರಿಗೆ ತಿಳಿದಿತ್ತು. ಸದ್ದು ಹೊರಗೆ ಹೋಗದಂತೆ ಆ ಕೋಣೆಯನ್ನು ಮಾಡಿದವರು ನಾವೇ. ಅವರು ಗಂಗಾಳ ಎತ್ತಿಕೊಂಡರು. ಬಾಗಿಲ ಮೇಲೆ ಗಾಳಿ ಬೆಳಕಿಗೆಂದು ಬಿಟ್ಟ ಒಂದು ಚಿಕ್ಕ ಕಂಡಿಯಿತ್ತು. ಅದಕ್ಕೆ ತುರುಕಿದ್ದ ಬಟ್ಟೆಯನ್ನು ಕಿತ್ತು, ಗಂಗಾಳವನ್ನು ಅಲ್ಲಿಗೆ ಹಿಡಿದು ಬಡಿಯತೊಡಗಿದರು. ಅದಕ್ಕೆ ನಿಲ್ಲಲೇಬೇಕು, ತುದಿಗಾಲಲ್ಲಿ ನಿಲ್ಲಬೇಕು. ಹೊಗೆ ಇದ್ದದ್ದು ಅಲ್ಲಿಯೇ. ನಾನು ನೆಲಕ್ಕೆ ಮುಖ ಹಚ್ಚಿ ಆ ಸದ್ದು ಕೇಳುತ್ತಿದ್ದೆ. ಗಂಯ್, ಗಂಯ್. ನಡುವೆ ಕೆಮ್ಮು. ಮತ್ತೆ ಗಂಯ್. ಆಮೇಲೆ ಕೆಮ್ಮು ಮಾತ್ರ. ಮತ್ತೊಮ್ಮೆ ಗಂಗಾಳ, ಈ ಸಲ ಮೆಲ್ಲಗೆ.

ಇದನ್ನೇ ನಾನು ದಿನವೂ ಮತ್ತೆ ಮತ್ತೆ ಕೇಳುವುದು. ಬೆಂಕಿ ಕನಸಿನಲ್ಲಿ ಬರುವುದಿಲ್ಲ. ಆ ಸದ್ದು ಬರುತ್ತದೆ, ಹಗಲಲ್ಲೇ ಬರುತ್ತದೆ.

ಕಾಕಾ ವಾಪಸ್ಸು ಬರುತ್ತ ಮೈದಾನದ ನಡುವೆ ಅದನ್ನು ಕೇಳಿದರಂತೆ. ಪಾಠ ಜೋರು ನಡೆದಿದೆ ಎಂದುಕೊಂಡರಂತೆ. ಮರುಕ್ಷಣ, ಈ ಕೋಣೆಯಿಂದ ಎಂದೂ ಸದ್ದು ಹೊರಗೆ ಬಂದದ್ದಿಲ್ಲವಲ್ಲ ಎಂದು ಹೊಳೆದು ಓಡಿದರಂತೆ. ತೂಗುಬಿಟ್ಟ ಬೀಗ ಗಡಿಬಿಡಿಯಲ್ಲಿ ಅವರ ಕೈಗೆ ಸಿಗಲಿಲ್ಲ, ಎರಡೂ ಕೈಯಿಂದ ಚಿಲಕ ತಡಕಿದರಂತೆ. ಬಾಗಿಲು ತೆರೆದಾಗ ನಾನು ಹೊಸ್ತಿಲ ಮೇಲೆ ಹೊರಳಿದೆ. ಅಕ್ಕೋರು ನನ್ನ ಕಾಲ ಬಳಿ ಬಿದ್ದಿದ್ದರು, ಗಂಗಾಳ ಎದೆಗೆ ಅವಚಿಕೊಂಡು. ಥೀಸಿಸ್ಸು ಕಾಕಾನ ಹೆಗಲ ಮೇಲೆ ಭದ್ರವಾಗಿತ್ತು.

ದವಾಖಾನೆಯಲ್ಲಿ ಕೆಲವು ದಿನ ಇದ್ದರು. ಮೈ ಹೆಚ್ಚು ಸುಟ್ಟಿರಲಿಲ್ಲ. ಹೊಗೆ ಎದೆಯೊಳಗೆ ಹೊಕ್ಕಿತ್ತು. ಗೈಡ್ ದಿನಾ ಬಂದು ಮಂಚದ ಪಕ್ಕ ಕೂಡುತ್ತಿದ್ದರು. “ಅವಸರಿಲ್ಲವಾ. ಮುಂದಿನ ತಿಂಗಳ ಕೊಡು. ನಾ ಎಲ್ಲಾರ ಕೂಡ ಮಾತಾಡೇನಿ” ಅನ್ನುತ್ತಿದ್ದರು. ಅಷ್ಟು ದೊಡ್ಡ ಮನುಷ್ಯರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಕೊನೆಯ ಸಂಜೆ ನನ್ನನ್ನು ಒಳಗೆ ಬಿಟ್ಟರು. ಮುಖಕ್ಕೆ ಆಕ್ಸಿಜನ್ ಮಾಸ್ಕು. ನನ್ನನ್ನು ನೋಡಿ ಏನೋ ಹೇಳಲು ಹೋದರು. ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೆ ಹೋದರು. ಬರಲಿಲ್ಲ. ಆಗ ಬಲಗೈ ಹಾಸಿಗೆಯಿಂದ ಸ್ವಲ್ಪ ಮೇಲೆದ್ದಿತು. ಅಂಗೈ ನನ್ನ ಕಡೆಗೆ. ಪಾಠದಲ್ಲಿ ಮಾತು ತಪ್ಪಿದಾಗ ಮಾಡುತ್ತಿದ್ದ ಹಾಗೆಯೇ. ನಾನು ಕಾದೆ. ಅವರು ಆ ವಾಕ್ಯವನ್ನು ಮೊದಲಿನಿಂದ ಹೇಳುತ್ತಾರೆ ಎಂದು ಕಾದೆ. ಕೈ ಮೆಲ್ಲಗೆ ಇಳಿಯಿತು. ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದಳು.

ಬೆಂಕಿಯಲ್ಲಿ ನನಗೆ ಹೊದಿಸಿದ್ದ ಕೌದಿಯನ್ನು ಹಿಂದಿರುಗಿಸಲು ನಾನು ಇಳಕಲ್ಲಿಗೆ ಹೋದೆ, ಕಾಕಾನೂ ಬಂದರು. ಒಂದು ಅಂಚು ಸುಟ್ಟ ಆ ಕೌದಿಯನ್ನು ತಾಯಿ ತೊಡೆಯ ಮೇಲೆ ಹರವಿಕೊಂಡು ಮೂಗಿಗೆ ಹಿಡಿದರು.

“ತೊಳದಿಯೇನು?”

“ಹೂನ್ರಿ ಅಮ್ಮಾ. ಹೊಗಿ ವಾಸ್ನಿ ಇತ್ತು.”

“ತೊಳೀಬಾರದಿತ್ತು” ಅಂದರು. ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ, ಮಗಳು ಕಡೆಗೆ ಏನಂದಳು ಎಂದು ಕೇಳಿದರು. ಕೈ ಎತ್ತಿದ್ದನ್ನು ಹೇಳಿದೆ, ಅದರ ಅರ್ಥವನ್ನೂ ಹೇಳಿದೆ. ಕಾಕಾ ಚೀಲದಿಂದ ಗಂಗಾಳ ತೆಗೆದು ಅವರ ಮುಂದಿಟ್ಟು ಗೋಡೆಗೆ ತಿರುಗಿ ಕುಳಿತರು. ಅದರ ಅಂಚಿನಲ್ಲಿ ತಗ್ಗುಗಳಿದ್ದವು. ತಾಯಿ ಆ ತಗ್ಗುಗಳ ಮೇಲೆ ಬೆರಳಾಡಿಸಿ, ಅದನ್ನು ನನ್ನ ಕಡೆ ಸರಿಸಿದರು.

“ಒಯ್ಯಿ. ಪಾಠ ಅರ್ಧಾ ಉಳದೈತಂತಲ್ಲ.”

ನಾನು ಆ ಸಲದ ನನ್ನ ಪರೀಕ್ಷೆಗೆ ಕೂಡಲಿಲ್ಲ. ಆದರೆ ರಾಮಥಾಳದ ಹುಡುಗಿಯ ಪರೀಕ್ಷೆ ನಿಲ್ಲುವಂತಿರಲಿಲ್ಲ. ತಾಯಿಯ ಫೋನಿನಿಂದ ಅವಳು ದನಿ ಸಂದೇಶ ಕಳಿಸಿದ್ದಳು: “ಅಕ್ಕೋರ, ಶಬ್ದದ ಪಾಠ ಯಾವಾಗ ಬರ್ತೈತ್ರಿ?” ಅವಳಿಗೆ ಯಾರೂ ಹೇಳಿರಲಿಲ್ಲ. ‘ಬರ್ತೈತಿ’ ಎಂದಷ್ಟೇ ಬರೆದೆ.

ಮುಂದಿನ ಕಟ್ಟಡದಲ್ಲಿ ಒಂದು ಕೋಣೆ ಸಿಕ್ಕಿತು. ಬರಿಯ ಗೋಡೆ, ದೊಡ್ಡ ಕಿಟಕಿ. ಒಳಗೆ ಗೆಳತಿಯೊಬ್ಬಳ ಫೋನು, ನಾನು, ಗಂಗಾಳ. ಬಾಗಿಲು ಪೂರ್ತಿ ತೆರೆದಿತ್ತು. ಕಾಕಾ ಸ್ಟೂಲನ್ನು ಹೊಸ್ತಿಲ ನಡುವೆಯೇ ಇಟ್ಟು, ಕದಕ್ಕೆ ಬೆನ್ನು ಕೊಟ್ಟು, ಅದು ಗಾಳಿಗೂ ಮುಚ್ಚದಂತೆ ಕುಳಿತಿದ್ದರು. ಅವರು ಈಗ ಮನೆಯಲ್ಲೂ ಚಿಲಕ ಹಾಕುವುದಿಲ್ಲವಂತೆ. ಹೊರಗೆ ರಸ್ತೆಯಲ್ಲಿ ತರಕಾರಿ ಗಾಡಿಯವನ ಕೂಗು, ಸ್ಕೂಟರು, ಎಲ್ಲಿಯದೋ ಒಂದು ಕುಕ್ಕರಿನ ಸೀಟಿ.

“ಇವೆಲ್ಲಾ ಸಪ್ಪಳಾನ” ಎಂದು ಶುರು ಮಾಡಿದೆ. “ಬಡದ ಮ್ಯಾಲೂ ಇದು ನಡಗತಿರತೈತಿ, ನೋಡ್ರಿ” ಎಂದು ಗಂಗಾಳಕ್ಕೆ ಚಮಚದಿಂದ ಬಡಿದೆ.

ಕಾಕಾ ಸ್ಟೂಲು ಬೀಳುವಂತೆ ಎದ್ದು ನಿಂತರು. ಅವರ ಎರಡೂ ಕೈ ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು. ಇಲ್ಲದ ಚಿಲಕವನ್ನು.

ಯಾವಾಗ ಎತ್ತಿದೆನೋ, ನನ್ನ ಅಂಗೈ ಕ್ಯಾಮೆರಾದ ಮುಂದಿತ್ತು. ಗಂಗಾಳ ತನ್ನಷ್ಟಕ್ಕೆ ನಡುಗಿ ನಡುಗಿ ನಿಂತಿತು.

“ಕಾಕಾ, ಇವತ್ತ ಸಾಕೇನ್ರಿ?”

ಅವರು ಸ್ಟೂಲು ಎತ್ತಿ ಮತ್ತೆ ಅಲ್ಲೇ ಇಟ್ಟರು, ಹೊಸ್ತಿಲ ಮೇಲೆ. ಕೂತರು. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡದೆಯೇ ಹೇಳಿದರು:

“ಬ್ಯಾಡವಾ. ಬಡಿ. ಜೋರ ಬಡಿ, ಹೊರಗ ಕೇಳಸಲಿ.”